ಭೂಮಿಯ ಪದರಗಳ ಮಾದರಿ: ಹಿಟ್ಟಿನದೋ, ಮೊಟ್ಟೆಯದೋ, ಕಾಗದದ್ದೋ, ರಂಗೋಲಿಯದೋ?

ಎಂಟನೆಯ ತರಗತಿಯಲ್ಲಿ ಶಿಲಾಗೋಳದ ಪಾಠ ಶುರುವಾದರೆ ಸಾಕು, ಪೋಷಕರೂ ಶಿಕ್ಷಕರೂ ಕೇಳುವುದು ಒಂದೇ ಪ್ರಶ್ನೆ: ಭೂಮಿಯ ಒಳಪದರಗಳ ಮಾದರಿಯನ್ನು ಯಾವುದರಿಂದ ಮಾಡಿಸುವುದು? ಒಬ್ಬರು ಬಣ್ಣದ ಕ್ಲೇ ಎನ್ನುತ್ತಾರೆ, ಇನ್ನೊಬ್ಬರು ಥರ್ಮಾಕೋಲ್ ಚೆಂಡು ತನ್ನಿ ಎನ್ನುತ್ತಾರೆ, ಮತ್ತೊಬ್ಬರು ಬೇಯಿಸಿದ ಮೊಟ್ಟೆಯನ್ನು ಎರಡು ಹೋಳು ಮಾಡಿದರೆ ಮುಗಿಯಿತು ಎನ್ನುತ್ತಾರೆ. ನಾಳೆ ಬೆಳಿಗ್ಗೆ ಶಾಲೆಗೆ ಒಯ್ಯಬೇಕಾದವರಿಗೂ ವಿಜ್ಞಾನ ಮೇಳಕ್ಕೆ ತಿಂಗಳು ಮೊದಲೇ ಸಿದ್ಧವಾಗುವವರಿಗೂ ಒಂದೇ ಉತ್ತರ ಹೊಂದುವುದಿಲ್ಲ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಅಡುಗೆಮನೆಯ ಯಾವ ವಸ್ತುವಿನಿಂದ ಮಾಡಿದರೂ ಮಾದರಿ ಭೂಮಿಯ ಒಂದು ಗುಣವನ್ನು ನಿಜವಾಗಿ ತೋರಿಸುತ್ತದೆ, ಇನ್ನೊಂದನ್ನು ತಪ್ಪಾಗಿ ತೋರಿಸುತ್ತದೆ. ಆದ್ದರಿಂದ ಮಗುವಿಗೆ ಈ ಸಲ ಯಾವ ಗುಣ ಅರ್ಥವಾಗಬೇಕು ಎಂಬುದನ್ನು ಮೊದಲು ನಿರ್ಧರಿಸಿ, ವಸ್ತುವನ್ನು ಆಮೇಲೆ ಹುಡುಕಿ.

ಅಳೆದು ನೋಡಬೇಕಾದ ಸಂಗತಿಗಳು

ಮೊದಲನೆಯದು ಪ್ರಮಾಣ. ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ನಾವು ನಿಂತಿರುವ ಭೂಕವಚ ಖಂಡಗಳ ಕೆಳಗೆ ಸರಾಸರಿ 35 ಕಿ.ಮೀ. ದಪ್ಪವಿದೆ, ಸಾಗರದ ತಳದಲ್ಲಿ 7 ಕಿ.ಮೀ. ಆಸುಪಾಸು, ಹಿಮಾಲಯದ ಅಡಿಯಲ್ಲಿ 70 ಕಿ.ಮೀ.ವರೆಗೂ ಹೋಗುತ್ತದೆ. ಅದರ ಕೆಳಗಿನ ಮ್ಯಾಂಟಲ್ 2,890 ಕಿ.ಮೀ. ಆಳದವರೆಗೆ ಹಬ್ಬಿದೆ. ಅಲ್ಲಿಂದ ಸುಮಾರು 5,150 ಕಿ.ಮೀ. ಆಳದವರೆಗೆ ಹೊರ ಕೇಂದ್ರಗೋಳ, ನಟ್ಟನಡುವೆ 1,220 ಕಿ.ಮೀ. ತ್ರಿಜ್ಯದ ಒಳ ಕೇಂದ್ರಗೋಳ. ಗಾತ್ರದ ಲೆಕ್ಕದಲ್ಲಿ ಭೂಮಿಯ ಶೇ. 84ರಷ್ಟು ಭಾಗ ಮ್ಯಾಂಟಲ್ ಒಂದೇ. ಒಳ ಕೇಂದ್ರಗೋಳ ಶೇ. 1ಕ್ಕಿಂತ ಕಡಿಮೆ. ಪ್ರದರ್ಶನಕ್ಕೆ ಬರುವ ಹೆಚ್ಚಿನ ಮಾದರಿಗಳಲ್ಲಿ ನಾಲ್ಕೂ ಪದರಗಳು ಒಂದೇ ದಪ್ಪಕ್ಕೆ ಇರುತ್ತವೆ. ಅಂಥ ಮಾದರಿಯಿಂದ ಮಗು ನಾಲ್ಕು ಹೆಸರುಗಳನ್ನು ಕಲಿಯುತ್ತದೆ, ಭೂಮಿಯನ್ನಲ್ಲ.

ಎರಡನೆಯದು ಸ್ಥಿತಿ, ಅಂದರೆ ಯಾವುದು ಗಟ್ಟಿ, ಯಾವುದು ದ್ರವ. ಮ್ಯಾಂಟಲ್ ಎಂದರೆ ಕುದಿಯುವ ಕೆಂಪು ಲಾವಾ ಎಂಬ ನಂಬಿಕೆ ದೊಡ್ಡವರಲ್ಲೂ ಗಟ್ಟಿಯಾಗಿ ಕೂತಿದೆ. ಅದು ತಪ್ಪು. ಮ್ಯಾಂಟಲ್ ಬಿಸಿಯಾದ, ಆದರೆ ಗಟ್ಟಿಯಾದ ಬಂಡೆ. ವರ್ಷಕ್ಕೆ ಕೆಲವೇ ಸೆಂಟಿಮೀಟರಿನಂತೆ ನಿಧಾನವಾಗಿ ಹರಿಯುತ್ತದೆ. ಭೂಮಿಯೊಳಗೆ ಸಾಗುವ ಭೂಕಂಪದ ಅಲೆಗಳಲ್ಲಿ ಎರಡು ಬಗೆ, ಪಿ ಮತ್ತು ಎಸ್. ಎಸ್ ಅಲೆಗಳು ದ್ರವದೊಳಗೆ ಸಾಗಲಾರವು, ಆದರೆ ಮ್ಯಾಂಟಲ್ ಒಳಗೆ ಸಲೀಸಾಗಿ ಸಾಗುತ್ತವೆ. ಅದು ಗಟ್ಟಿ ಎಂಬುದಕ್ಕೆ ಇದೇ ಸಾಕ್ಷಿ. ನಿಜವಾಗಿ ದ್ರವವಾಗಿರುವುದು ಹೊರ ಕೇಂದ್ರಗೋಳದ ಕಬ್ಬಿಣ ಮತ್ತು ನಿಕಲ್. ಭೂಮಿಯ ಕಾಂತಕ್ಷೇತ್ರ ಹುಟ್ಟುವುದು ಅದರ ಚಲನೆಯಿಂದ. ಒಳ ಕೇಂದ್ರಗೋಳದ ಉಷ್ಣತೆ 5,000 ಡಿಗ್ರಿ ಸೆಲ್ಸಿಯಸ್ ದಾಟಿದ್ದರೂ ಅದು ಗಟ್ಟಿಯಾಗಿಯೇ ಉಳಿದಿದೆ, ಏಕೆಂದರೆ ಅಲ್ಲಿನ ಒತ್ತಡ ನಮ್ಮ ಮೇಲಿರುವ ವಾಯುಭಾರದ ಸುಮಾರು 36 ಲಕ್ಷ ಪಟ್ಟು.

ಮೂರನೆಯದು ಕಾರಣ. ಭಾರವಾದದ್ದು ಒಳಗೆ, ಹಗುರವಾದದ್ದು ಹೊರಗೆ ಏಕೆ ಕೂತಿತು ಎಂಬುದಕ್ಕೆ ಮಾದರಿ ಉತ್ತರ ಕೊಡುತ್ತದೆಯೇ? ಉಳಿದ ಮೂರು ವ್ಯವಹಾರದ ಮಾತು: ಎಷ್ಟು ದಿನ ಉಳಿಯುತ್ತದೆ, ಎಷ್ಟು ಖರ್ಚು, ಮಗು ತಾನೇ ಮಾಡಬಲ್ಲದೇ. ಕೊನೆಯದನ್ನು ನಾನು ಬಹಳ ಮುಖ್ಯ ಎಂದುಕೊಂಡಿದ್ದೇನೆ. ತಂದೆತಾಯಿ ರಾತ್ರಿ ಹನ್ನೆರಡರವರೆಗೆ ಕೂತು ಮಾಡಿದ ಮಾದರಿಗೆ ಬಹುಮಾನ ಬಂದರೂ ಮಗುವಿಗೆ ಅದರಿಂದ ಸಿಗುವುದು ಏನೂ ಇಲ್ಲ.

ಬೇಯಿಸಿದ ಮೊಟ್ಟೆ

ಸಮಯ ಹದಿನೈದು ನಿಮಿಷ, ಖರ್ಚು ಹತ್ತು ರೂಪಾಯಿಯೊಳಗೆ. ಚಿಕ್ಕ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಆರಂಭ ಕಾಣೆ. ಆದರೆ ಎಲ್ಲರೂ ಮಾಡುವಂತೆ ತಕ್ಷಣ ಕತ್ತರಿಸಬೇಡಿ. ಸಿಪ್ಪೆ ಸುಲಿಯದೆ ಮೊಟ್ಟೆಯನ್ನು ಮೇಜಿನ ಮೇಲೆ ಹಗುರವಾಗಿ ಕುಟ್ಟಿ ಉರುಳಿಸಿ. ಸಿಪ್ಪೆ ಬಿರುಕು ಬಿಟ್ಟು ಚೂರುಚೂರಾಗುತ್ತದೆ, ಆದರೆ ಒಳಗಿನ ತೆಳು ಪೊರೆ ಹಿಡಿದಿರುವುದರಿಂದ ಕಳಚಿ ಬೀಳುವುದಿಲ್ಲ. ಬಿರುಕುಗಳ ಮೇಲೆ ಸ್ಕೆಚ್ ಪೆನ್ನಿನಿಂದ ಗೆರೆ ಎಳೆದು ಒಂದು ಚೂರನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರೆ ಅದು ಪಕ್ಕದ ಚೂರಿನ ಕೆಳಗೆ ಜಾರುತ್ತದೆ ಅಥವಾ ಅಂಚಿನಲ್ಲಿ ಎತ್ತಿಕೊಳ್ಳುತ್ತದೆ. ಭೂಮಿಯ ಹೊರಪದರವೂ ಹೀಗೆಯೇ ಫಲಕಗಳೆಂಬ ದೊಡ್ಡ ಚೂರುಗಳಾಗಿ ಒಡೆದಿದೆ, ಅವು ನಿಧಾನವಾಗಿ ಚಲಿಸುತ್ತವೆ. ಹಿಮಾಲಯ ಎದ್ದು ನಿಂತ ಬಗೆಯನ್ನು ಒಂದು ಬೆರಳಿನ ಒತ್ತಿನಲ್ಲಿ ತೋರಿಸಬಹುದಾದ ಕ್ಷಣ ಇದು. ಕತ್ತರಿಸುವುದು ಆಮೇಲೆ.

ಪ್ರಮಾಣದ ವಿಷಯದಲ್ಲಿ ಮೊಟ್ಟೆಗೆ ಒಂದು ಗುಣವಿದೆ, ಅದನ್ನು ಯಾರೂ ಬಳಸಿಕೊಳ್ಳುವುದಿಲ್ಲ. ಸಿಪ್ಪೆಯ ದಪ್ಪ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟು. ಮೊಟ್ಟೆಯ ಅಗಲದ ಅರ್ಧ ಎರಡು ಸೆಂಟಿಮೀಟರಿಗಿಂತ ಸ್ವಲ್ಪ ಹೆಚ್ಚು. ಅಂದರೆ ಸಿಪ್ಪೆ ತ್ರಿಜ್ಯದ ಶೇ. 1.5ರ ಆಸುಪಾಸು. ಭೂಕವಚ ಶೇ. 0.5ರಷ್ಟು ಮಾತ್ರ, ಆದ್ದರಿಂದ ಸಿಪ್ಪೆಯೇ ಭೂಕವಚ ಎಂದರೆ ಮೂರು ಪಟ್ಟು ದಪ್ಪವಾಗಿಬಿಡುತ್ತದೆ. ಆದರೆ ಚಲಿಸುವ ಫಲಕ ಎಂದರೆ ಭೂಕವಚ ಒಂದೇ ಅಲ್ಲ. ಅದಕ್ಕೆ ಅಂಟಿಕೊಂಡ ಮ್ಯಾಂಟಲ್‌ನ ಮೇಲ್ಭಾಗವೂ ಸೇರಿ ಸುಮಾರು 100 ಕಿ.ಮೀ. ದಪ್ಪದ ಶಿಲಾಗೋಳ. 6,371ರಲ್ಲಿ 100 ಎಷ್ಟು ಎಂದು ಮಗುವಿನಿಂದಲೇ ಲೆಕ್ಕ ಮಾಡಿಸಿ: ಶೇ. 1.6. ಮೊಟ್ಟೆಯ ಸಿಪ್ಪೆಯನ್ನು ಶಿಲಾಗೋಳ ಎಂದು ಹೆಸರಿಸಿದರೆ ಅಳತೆ ಸರಿಹೋಗುತ್ತದೆ, ಬಿರುಕಿನ ಪ್ರಯೋಗವೂ ಅರ್ಥಪೂರ್ಣವಾಗುತ್ತದೆ.

ಕೊರತೆಗಳೂ ಇವೆ. ಕೇಂದ್ರಗೋಳವಾಗಬೇಕಾದ ಹಳದಿ ಭಾಗ ಒಂದೇ ಮುದ್ದೆ, ಹೊರ ಮತ್ತು ಒಳ ಕೇಂದ್ರಗೋಳದ ಭೇದವಿಲ್ಲ. ಅದರ ಗಾತ್ರವೂ ಬೇಕಾದ್ದಕ್ಕಿಂತ ಸ್ವಲ್ಪ ದೊಡ್ಡದು, ಎಷ್ಟೋ ಸಲ ಒಂದು ಬದಿಗೆ ಸರಿದಿರುತ್ತದೆ. ಸಂಜೆಯ ಹೊತ್ತಿಗೆ ವಾಸನೆ ಬರುತ್ತದೆ, ಹಾಗಾಗಿ ಪ್ರದರ್ಶನಕ್ಕೆ ಬೇಡವೇ ಬೇಡ. ಮೊಟ್ಟೆ ಬಳಸದ ಮನೆಗಳಲ್ಲಿ ಬೆಣ್ಣೆಹಣ್ಣನ್ನು ಅಡ್ಡಕ್ಕೆ ಕತ್ತರಿಸಿ ತೋರಿಸಬಹುದು. ಬಿರುಕಿನ ಪ್ರಯೋಗ ಮಾತ್ರ ತಪ್ಪಿಹೋಗುತ್ತದೆ. ಮಾವಿನ ಹಣ್ಣಿನ ಗೊರಟು ಚಪ್ಪಟೆ, ಈರುಳ್ಳಿಗೆ ಬೇಡದಷ್ಟು ಪದರ. ಇವೆರಡನ್ನೂ ಬಿಟ್ಟುಬಿಡಿ.

ಉಪ್ಪು ಬೆರೆಸಿದ ಹಿಟ್ಟು

ಮುಟ್ಟಿ, ಉಂಡೆ ಕಟ್ಟಿ, ಕತ್ತರಿಸಿ ನೋಡುವ ಸುಖ ಕೊಡುವುದರಲ್ಲಿ ಇದನ್ನು ಮೀರಿಸುವ ವಸ್ತು ಇಲ್ಲ. ಎರಡು ಪಾಲು ಮೈದಾ, ಒಂದು ಪಾಲು ಪುಡಿ ಉಪ್ಪು, ಒಂದು ಚಮಚ ಎಣ್ಣೆ, ಚಪಾತಿ ಹಿಟ್ಟಿಗಿಂತ ತುಸು ಬಿಗಿಯಾಗುವಷ್ಟು ನೀರು. ಉಪ್ಪು ಇರುವುದರಿಂದ ಬೇಗ ಹುಳಿಯುವುದಿಲ್ಲ. ಬಣ್ಣಕ್ಕೆ ಅಂಗಡಿಗೆ ಹೋಗಬೇಕಾಗಿಲ್ಲ: ಹೊರ ಕೇಂದ್ರಗೋಳಕ್ಕೆ ಅರಿಶಿನ, ಮ್ಯಾಂಟಲ್‌ಗೆ ಕೆಮ್ಮಣ್ಣು ಅಥವಾ ಕಾಫಿ ಡಿಕಾಕ್ಷನ್, ಒಳ ಕೇಂದ್ರಗೋಳಕ್ಕೆ ಬಣ್ಣ ಹಾಕದ ಬಿಳಿ ಹಿಟ್ಟು. ಬೀಟ್ರೂಟ್ ರಸ ಕಲಸುವಾಗ ಚೆಂದ ಕಂಡರೂ ಒಣಗಿದ ಮೇಲೆ ಮಂಕಾಗುತ್ತದೆ. ಅರಿಶಿನ ಹಾಕಿದ ಹಿಟ್ಟಿಗೆ ಸೋಡಾ ಪುಡಿ ತಾಗದಂತೆ ನೋಡಿಕೊಳ್ಳಿ, ಹಳದಿ ಹೋಗಿ ಕೆಂಪಾಗಿಬಿಡುತ್ತದೆ.

ಗಾತ್ರದಲ್ಲಿ ಆಸೆ ಅತಿಯಾಗಬಾರದು. ಒಂದು ಸೆಂಟಿಮೀಟರಿಗೆ 1,000 ಕಿ.ಮೀ. ಎಂದು ಹಿಡಿದರೆ ಹದಿಮೂರು ಸೆಂಟಿಮೀಟರ್ ಅಗಲದ ಚೆಂಡಾಗುತ್ತದೆ, ಅದಕ್ಕೆ ಒಂದು ಲೀಟರ್ ಪಾತ್ರೆ ತುಂಬುವಷ್ಟು ಹಿಟ್ಟು ಬೇಕು, ಒಳಭಾಗ ವಾರ ಕಳೆದರೂ ಒಣಗುವುದಿಲ್ಲ. ಒಂದು ಸೆಂಟಿಮೀಟರಿಗೆ 2,000 ಕಿ.ಮೀ. ಎಂದಿಟ್ಟುಕೊಂಡರೆ ಟೆನಿಸ್ ಚೆಂಡಿನಷ್ಟಾಗುತ್ತದೆ. ಒಂದು ಲೋಟ ಮೈದಾ, ಅರ್ಧ ಲೋಟ ಉಪ್ಪು ಸಾಕು. ಆಗ ಒಳ ಕೇಂದ್ರಗೋಳ 1.2 ಸೆಂ.ಮೀ. ಅಗಲದ ಸಣ್ಣ ಗುಂಡು, ಅದರ ಸುತ್ತ ಹಳದಿ ಹಿಟ್ಟು ಮೆತ್ತಿದಾಗ 3.5 ಸೆಂ.ಮೀ., ಮ್ಯಾಂಟಲ್ ಸೇರಿ 6.4 ಸೆಂ.ಮೀ. ಭೂಕವಚಕ್ಕೆ ಈ ಅಳತೆಯಲ್ಲಿ ಸಿಗುವ ದಪ್ಪ 0.2 ಮಿಲಿಮೀಟರಿಗೂ ಕಡಿಮೆ. ಅಷ್ಟು ತೆಳ್ಳಗೆ ಯಾರ ಕೈಯಲ್ಲೂ ಹಿಟ್ಟು ಲಟ್ಟಿಸಲು ಆಗದು. ಆದ್ದರಿಂದ ಭೂಕವಚಕ್ಕೆ ಹಿಟ್ಟು ಬಳಸಬೇಡಿ, ಪೋಸ್ಟರ್ ಬಣ್ಣದ ಒಂದು ಲೇಪ ಕೊಡಿ. ಸಾಗರಕ್ಕೆ ನೀಲಿ, ನೆಲಕ್ಕೆ ಹಸಿರು. “ನಮ್ಮ ಬೆಟ್ಟ, ಗಣಿ, ಕೊಳವೆಬಾವಿ ಎಲ್ಲವೂ ಈ ಬಣ್ಣದ ದಪ್ಪದೊಳಗೇ ಇವೆ” ಎಂದು ಮಗು ತೋರಿಸುವಾಗ ಕೇಳುವವರ ಮುಖ ನೋಡಬೇಕು.

ಕತ್ತರಿಸುವುದರಲ್ಲಿ ಹೆಚ್ಚಿನವರ ಕೆಲಸ ಕೆಡುತ್ತದೆ. ಚಾಕು ಹಾಕಿದರೆ ಕಂದು ಹಿಟ್ಟು ಹಳದಿಯ ಮೇಲೆ ಎಳೆದುಕೊಂಡು ಪದರಗಳ ಗೆರೆ ಕಲಸಿಹೋಗುತ್ತದೆ. ಚೆಂಡನ್ನು ಅರ್ಧ ಗಂಟೆ ಫ್ರೀಜರ್‌ನಲ್ಲಿಟ್ಟು, ಹೊಲಿಗೆಯ ಗಟ್ಟಿ ದಾರವನ್ನು ಸುತ್ತ ಹಾಕಿ ಎರಡೂ ತುದಿಗಳನ್ನು ಎದುರುಬದುರು ಎಳೆಯಿರಿ. ಗೆರೆಗಳು ಚೊಕ್ಕವಾಗಿ ನಿಲ್ಲುತ್ತವೆ. ಕತ್ತರಿಸಿದ ಹೋಳುಗಳನ್ನು ನೆರಳಿನಲ್ಲಿ ಒಣಗಿಸಿ, ಬಣ್ಣದ ಲೇಪವನ್ನು ಕೊನೆಗೆ ಕೊಡಿ. ಬಿಸಿಲಿಗಿಟ್ಟರೆ ಮೇಲ್ಭಾಗ ಬೇಗ ಒಣಗಿ ಸೀಳುತ್ತದೆ.

ಒಂದು ಎಚ್ಚರಿಕೆ ಊರಿಗೆ ಸಂಬಂಧಿಸಿದ್ದು. ಬಳ್ಳಾರಿ, ರಾಯಚೂರಿನ ಕಡೆ ಇದು ನಾಲ್ಕೈದು ದಿನದಲ್ಲಿ ಕಲ್ಲಿನಂತಾಗುತ್ತದೆ. ಕರಾವಳಿಯಲ್ಲಿ, ಮಲೆನಾಡಿನಲ್ಲಿ ಜುಲೈ ತಿಂಗಳಲ್ಲಿ ಮಾಡಿದರೆ ಉಪ್ಪು ಗಾಳಿಯ ತೇವ ಹೀರಿ ಮಾದರಿ ಬೆವರುತ್ತಲೇ ಇರುತ್ತದೆ. ಅಲ್ಲಿನವರು ಗಣೇಶನ ಹಬ್ಬದ ಜೇಡಿಮಣ್ಣನ್ನು ಬಳಸುವುದು ಮೇಲು. ಅಂಗಡಿಯ ಬಣ್ಣದ ಕ್ಲೇ ಇನ್ನೂ ಸುಲಭ, ಆದರೆ ಟೆನಿಸ್ ಚೆಂಡಿನಷ್ಟು ಮಾಡಲು ಒಂದು ಪೊಟ್ಟಣ ಸಾಲದು, ಶೇ. 84ರಷ್ಟು ಮ್ಯಾಂಟಲ್ ಎಂದ ಮೇಲೆ ಒಂದೇ ಬಣ್ಣ ಬಹಳ ಬೇಕಾಗುತ್ತದೆ.

ಕಾಗದ ಮತ್ತು ಮೆಂತ್ಯ

ವರ್ಷಗಟ್ಟಲೆ ಶಾಲೆಯ ಕಪಾಟಿನಲ್ಲಿ ಉಳಿಯಬೇಕು, ಹಗುರವಾಗಿರಬೇಕು, ಖರ್ಚೂ ಆಗಬಾರದು ಎನ್ನುವವರಿಗೆ ಇದು. ಹಳೆಯ ಪತ್ರಿಕೆಗಳನ್ನು ನೀರಿನಲ್ಲಿ ನೆನೆಸಿ, ನೆನೆದ ಮೆಂತ್ಯದ ಜೊತೆ ರುಬ್ಬಿ ಮೊರ, ಬುಟ್ಟಿಗಳಿಗೆ ಬಳಿಯುವುದನ್ನು ನಮ್ಮ ಹಿರಿಯ ಹೆಂಗಸರು ಚೆನ್ನಾಗಿ ಬಲ್ಲರು. ಅದೇ ಮುದ್ದೆಯನ್ನು ಎಣ್ಣೆ ಸವರಿದ ಬಟ್ಟಲುಗಳ ಒಳಮೈಗೆ ಬಳಿದು ಒಣಗಿಸಿದರೆ ಅರ್ಧಗೋಳಗಳು ಸಿಗುತ್ತವೆ. ಅಗಲದ ಅನುಪಾತ 64 : 35 : 12 ಇರುವಂತೆ ಮೂರು ಬಟ್ಟಲು ಹುಡುಕಿ, ಅಡುಗೆಮನೆಯಲ್ಲಿ ಸಾರಿನ ಬಟ್ಟಲು, ಅದರ ಅರ್ಧದಷ್ಟರದು, ಒಂದು ಚಿಕ್ಕ ಒಗ್ಗರಣೆ ಸೌಟು ಹೆಚ್ಚುಕಡಿಮೆ ಹೊಂದಿಕೊಳ್ಳುತ್ತವೆ. ಒಂದರೊಳಗೆ ಒಂದನ್ನು ಕೂರಿಸಿ ನಡುವೆ ಕಾಗದದ ಚೂರು ತುಂಬಿ ಮೇಲೆ ಬಣ್ಣ ಬಳಿದರೆ ಆಯಿತು. ಒಣಗಲು ಬಿಸಿಲಿನ ದಿನಗಳಲ್ಲಿ ಮೂರು ನಾಲ್ಕು ದಿನ ಬೇಕು. ಕೊನೆಯ ಗಳಿಗೆಯಲ್ಲಿ ಎದ್ದವರಿಗೆ ಇದು ಆಗಿಬರುವುದಿಲ್ಲ.

ಥರ್ಮಾಕೋಲ್ ಬಗ್ಗೆ ನನ್ನದು ಸ್ಪಷ್ಟ ಮಾತು: ಬೇಡ. ಸುಲಭವಾಗಿ ಸಿಗುವ ಚೆಂಡಿನ ಮೇಲೆ ನಾಲ್ಕು ಬಣ್ಣ ಬಳಿಯುವುದರಲ್ಲಿ ಮಗುವಿಗೆ ಕಲಿಯಲು ಏನಿದೆ? ಅಲಂಕಾರಕ್ಕೆ ಬಳಸುವ ಥರ್ಮಾಕೋಲನ್ನು 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧಿಸಲಾಗಿದೆ. ಭೂಮಿಯ ಪಾಠ ಹೇಳಲು ಭೂಮಿಯಲ್ಲಿ ಕರಗದ ವಸ್ತುವನ್ನೇ ತರುವುದು ಸರಿಯಲ್ಲ.

ಬಾಟಲಿಯಲ್ಲಿ ಮರಳು, ನೀರು, ಎಣ್ಣೆ

ಇದು ನೋಡಲು ಭೂಮಿಯಂತಿಲ್ಲ, ಆದರೂ ಪದರಗಳು ಏಕೆ ಉಂಟಾದವು ಎಂಬುದಕ್ಕೆ ಉತ್ತರ ಇಲ್ಲಿ ಮಾತ್ರ ಸಿಗುತ್ತದೆ. ಪಾರದರ್ಶಕ ಬಾಟಲಿಗೆ ತೊಳೆದ ಒದ್ದೆ ಮರಳು, ನೀರು, ಕಡಲೆಕಾಯಿ ಎಣ್ಣೆ ಹಾಕಿ ಮುಚ್ಚಳ ಬಿಗಿದು ಜೋರಾಗಿ ಕುಲುಕಿ. ಎಲ್ಲವೂ ಬೆರೆತು ರಾಡಿಯಾಗುತ್ತದೆ. ಮೇಜಿನ ಮೇಲಿಟ್ಟು ಕಾಯಿರಿ. ಮೊದಲು ಮರಳು ತಳ ಸೇರುತ್ತದೆ, ಆಮೇಲೆ ಎಣ್ಣೆಯ ಹನಿಗಳು ಒಂದೊಂದಾಗಿ ಮೇಲೆದ್ದು ಕೂಡಿಕೊಳ್ಳುತ್ತವೆ. ಸುಮಾರು 450 ಕೋಟಿ ವರ್ಷಗಳ ಹಿಂದೆ ಎಳೆಯ ಭೂಮಿ ಬಹುಪಾಲು ಕರಗಿದ್ದಾಗ ಭಾರವಾದ ಕಬ್ಬಿಣ ನಡುವಿಗೆ ಇಳಿದದ್ದು, ಹಗುರವಾದ ಶಿಲೆ ಮೇಲೆ ಉಳಿದದ್ದು ಇದೇ ನಿಯಮದಿಂದ. ತೆಂಗಿನೆಣ್ಣೆ ಬೇಡ, ಚಳಿಗಾಲದ ಬೆಳಿಗ್ಗೆ ಹೆಪ್ಪುಗಟ್ಟಿ ಪ್ರಯೋಗ ನಿಂತುಹೋಗುತ್ತದೆ.

ಇದರ ಜೊತೆ ಒಂದು ಲೆಕ್ಕ ಕೊಡಿ. ಬೆಣಚುಕಲ್ಲಿನ ಅಥವಾ ಗ್ರಾನೈಟಿನ ತುಂಡು ತನ್ನಷ್ಟೇ ಗಾತ್ರದ ನೀರಿಗಿಂತ ಸುಮಾರು 2.7 ಪಟ್ಟು ಭಾರ. ಇಡೀ ಭೂಮಿಯ ಸರಾಸರಿ 5.5 ಪಟ್ಟು. ಮೇಲಿನ ಕಲ್ಲು ಇಷ್ಟು ಹಗುರವಾಗಿದ್ದರೆ ಒಳಗೆ ಏನಿರಬೇಕು? ಹೈಸ್ಕೂಲಿನ ಮಕ್ಕಳು ಈ ಪ್ರಶ್ನೆಯನ್ನು ತಾವೇ ಬಿಡಿಸುತ್ತಾರೆ. ಮಾದರಿಯ ಕೊರತೆ ಎದ್ದು ಕಾಣುವಂಥದ್ದು: ಪದರಗಳು ಗೋಳವಾಗಿಲ್ಲ, ಸ್ಥಿತಿಯೂ ಹೊಂದುವುದಿಲ್ಲ. ಮೇಳದಲ್ಲಿ ಇದನ್ನೊಂದನ್ನೇ ಇಟ್ಟರೆ ಜನ ಎಣ್ಣೆ-ನೀರಿನ ಪ್ರಯೋಗ ಎಂದುಕೊಂಡು ಮುಂದೆ ಹೋಗುತ್ತಾರೆ. ಹಿಟ್ಟಿನ ಚೆಂಡಿನ ಪಕ್ಕದಲ್ಲಿಟ್ಟರೆ ಎರಡಕ್ಕೂ ಬೆಲೆ ಬರುತ್ತದೆ.

ಮ್ಯಾಂಟಲ್‌ನ ನಡತೆ ತೋರಿಸಲು ಎರಡು ಪಾಲು ಕಾರ್ನ್ ಫ್ಲೋರ್‌ಗೆ ಒಂದು ಪಾಲು ನೀರು ಕಲಸಿ ಕೊಡುವವರಿದ್ದಾರೆ. ಗುದ್ದಿದರೆ ಗಟ್ಟಿ, ಬೆರಳನ್ನು ಮೆಲ್ಲಗೆ ಇಳಿಸಿದರೆ ಮೆದು. ಮಕ್ಕಳಿಗೆ ತುಂಬ ಇಷ್ಟ. ಆದರೆ ಸುಮ್ಮನಿದ್ದಾಗ ಅದು ದ್ರವವಾಗಿಯೇ ಕಾಣುವುದರಿಂದ ಮ್ಯಾಂಟಲ್ ದ್ರವ ಎಂಬ ಹಳೆಯ ತಪ್ಪು ಮತ್ತೆ ಬೇರೂರುವ ಅಪಾಯವಿದೆ. ಬಳಸುವುದಾದರೆ ಆ ಮಾತನ್ನು ಹೇಳಿಯೇ ಬಳಸಿ, ಉಳಿದದ್ದನ್ನು ಸಿಂಕಿಗೆ ಸುರಿಯಬೇಡಿ.

ಕಾಗದದ ಪಟ್ಟಿ ಮತ್ತು ಅಂಗಳದ ರಂಗೋಲಿ

ಪ್ರಮಾಣವೇ ಮುಖ್ಯ ಎನ್ನುವವರಿಗೆ ಇವೆರಡನ್ನು ಬಿಟ್ಟು ಬೇರೆ ದಾರಿಯಿಲ್ಲ. ಮನೆಯೊಳಗೆ ಮಾಡುವುದಾದರೆ ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಅಂಟಿಸಿ 63.7 ಸೆಂ.ಮೀ. ಉದ್ದದ ಪಟ್ಟಿ ಮಾಡಿ, ಒಂದು ಸೆಂಟಿಮೀಟರಿಗೆ 100 ಕಿ.ಮೀ. ಮೇಲಿನಿಂದ 3.5 ಮಿ.ಮೀ. ಭೂಕವಚ, ಆಮೇಲೆ 28.5 ಸೆಂ.ಮೀ. ಮ್ಯಾಂಟಲ್, 22.6 ಸೆಂ.ಮೀ. ಹೊರ ಕೇಂದ್ರಗೋಳ, ಉಳಿದದ್ದು ಒಳ ಕೇಂದ್ರಗೋಳ. ಖರ್ಚು ಏನೂ ಇಲ್ಲ, ಗೋಡೆಗೆ ಅಂಟಿಸಿದರೆ ವರ್ಷವಿಡೀ ಇರುತ್ತದೆ.

ಶಾಲೆಯ ಅಂಗಳ ಸಿಕ್ಕಿದರೆ ಒಂದು ಮೀಟರಿಗೆ 1,000 ಕಿ.ಮೀ. ಹಿಡಿಯಿರಿ. ಒಂದು ದಾರದ ತುದಿಯನ್ನು ಮೊಳೆಗೆ ಕಟ್ಟಿ 1.22, 3.48, 6.34, 6.37 ಮೀಟರಿನಲ್ಲಿ ಗಂಟು ಹಾಕಿ, ಗಂಟಿನ ಬಳಿ ಸೀಮೆಸುಣ್ಣ ಹಿಡಿದು ಸುತ್ತಿ. ಪೂರ್ತಿ ವೃತ್ತಕ್ಕೆ ಜಾಗ ಸಾಲದಿದ್ದರೆ ಕಾಲು ಭಾಗ ಬರೆದರೂ ಸಾಕು. ಗೆರೆಯ ಮೇಲೆ ರಂಗೋಲಿ ಪುಡಿ ಬಿಡಿಸಿದಾಗ ಬೆರಳಿನಿಂದ ಬೀಳುವ ಎಳೆಯ ಅಗಲವೇ ಸಾಗರದಡಿಯ ಭೂಕವಚ, 7 ಮಿಲಿಮೀಟರ್. ಖಂಡದ ಭೂಕವಚ ಮೂರೂವರೆ ಸೆಂಟಿಮೀಟರ್. ಈಗ ಮಾನವನ ಸಾಹಸಗಳನ್ನು ಇದರ ಮೇಲೆ ಗುರುತಿಸಿ. ಕೋಲಾರದ ಚಾಂಪಿಯನ್ ರೀಫ್ ಗಣಿ ಸುಮಾರು 3.2 ಕಿ.ಮೀ. ಆಳಕ್ಕಿಳಿದಿತ್ತು, ಇಲ್ಲಿ ಅದು 3 ಮಿಲಿಮೀಟರ್, ಒಂದು ಅಕ್ಕಿ ಕಾಳಿನ ಅರ್ಧ. ರಷ್ಯಾದ ಕೋಲಾ ಪರ್ಯಾಯದ್ವೀಪದಲ್ಲಿ 1989ರಲ್ಲಿ 12,262 ಮೀಟರ್ ಮುಟ್ಟಿದ ರಂಧ್ರ ಒಂದೂಕಾಲು ಸೆಂಟಿಮೀಟರ್. ಅಲ್ಲಿಂದ ಕೇಂದ್ರದ ಮೊಳೆಯವರೆಗೆ ಆರು ಮೀಟರಿಗೂ ಹೆಚ್ಚು ದೂರ, ಯಾರೂ ಹೋಗದ ಜಾಗ.

ಹೋಗದೆಯೇ ಗೊತ್ತಾದದ್ದು ಹೇಗೆ ಎಂದು ಯಾವ ಮಗುವಾದರೂ ಕೇಳಿಯೇ ಕೇಳುತ್ತದೆ, ಉತ್ತರವನ್ನು ಇದೇ ರಂಗೋಲಿಯ ಮೇಲೆ ನಡೆದು ತೋರಿಸಬಹುದು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಿಚರ್ಡ್ ಓಲ್ಡ್‌ಹ್ಯಾಮ್ 1897ರ ಅಸ್ಸಾಂ ಭೂಕಂಪವನ್ನು ಅಭ್ಯಾಸ ಮಾಡಿ ಅಲೆಗಳ ಬಗೆಗಳನ್ನು ಬೇರ್ಪಡಿಸಿದರು. 1906ರಲ್ಲಿ ಅಲೆಗಳ ಲೆಕ್ಕದಿಂದಲೇ ಭೂಮಿಗೆ ಕೇಂದ್ರಗೋಳವಿದೆ ಎಂದು ತೋರಿಸಿದರು. 1936ರಲ್ಲಿ ಡೆನ್ಮಾರ್ಕಿನ ಇಂಗೆ ಲೇಮನ್ ಅದರೊಳಗೆ ಇನ್ನೊಂದು ಗೋಳವಿದೆ ಎಂದರು. ವೃತ್ತದ ಅಂಚಿನಿಂದ ಇಬ್ಬರು ಮಕ್ಕಳನ್ನು ಪಿ ಮತ್ತು ಎಸ್ ಅಲೆಗಳಾಗಿ ಒಳಕ್ಕೆ ನಡೆಸಿ. 3.48ರ ಗೆರೆ ಬಂದಾಗ ಎಸ್ ಅಲೆಯ ಮಗು ನಿಲ್ಲಬೇಕು, ಪಿ ಅಲೆಯ ಮಗು ನಡಿಗೆ ನಿಧಾನ ಮಾಡಿಕೊಂಡು ಮುಂದೆ ಹೋಗಬೇಕು. ದ್ರವ ಎಲ್ಲಿಂದ ಶುರು ಎಂಬುದು ಇಡೀ ತರಗತಿಗೆ ಕಾಣುತ್ತದೆ. ಮಳೆ ಬಂದರೆ ಎಲ್ಲವೂ ಅಳಿಸಿಹೋಗುತ್ತದೆ, ಅದೊಂದೇ ನಷ್ಟ, ಫೋಟೊ ತೆಗೆದಿಟ್ಟುಕೊಳ್ಳಿ.

ಯಾರಿಗೆ ಯಾವುದು

ನಾಲ್ಕನೆಯ ತರಗತಿಯೊಳಗಿನ ಮಗು, ಒಂದು ಸಂಜೆಯ ಸಮಯ ಎಂದರೆ ಮೊಟ್ಟೆ ಅಥವಾ ಬೆಣ್ಣೆಹಣ್ಣು. ಐದರಿಂದ ಎಂಟರವರೆಗೆ, ಶಾಲೆಗೆ ವಸ್ತು ಒಯ್ಯಲೇಬೇಕು, ವಾರದ ಸಮಯವಿದೆ ಎಂದರೆ ಹಿಟ್ಟಿನ ಚೆಂಡು, ಮಳೆಯ ಊರಾದರೆ ಜೇಡಿಮಣ್ಣು. ನಾಳೆಯೇ ಬೇಕೆಂದರೆ ಕಾಗದದ ಪಟ್ಟಿ. ಅವಸರದಲ್ಲಿ ಮಾಡಿದ್ದು ಎಂದು ಸಂಕೋಚಪಡಬೇಕಾಗಿಲ್ಲ, ಅಳತೆಯಲ್ಲಿ ಅದು ಕ್ಲೇ ಮಾದರಿಗಳಿಗಿಂತ ಎಷ್ಟೋ ನಿಖರ. ವಿಜ್ಞಾನ ಮೇಳಕ್ಕೆ ಹಿಟ್ಟಿನ ಚೆಂಡು, ಬಾಟಲಿ, ಪಟ್ಟಿ ಮೂರನ್ನೂ ಒಟ್ಟಿಗೆ ಇಡಿ, ನೂರು ರೂಪಾಯಿಯೊಳಗೆ ಮುಗಿಯುತ್ತದೆ. ಅರವತ್ತು ಮಕ್ಕಳ ತರಗತಿಯನ್ನು ಒಬ್ಬರೇ ನಿಭಾಯಿಸುವ ಶಿಕ್ಷಕರು ಯೋಚಿಸದೆ ರಂಗೋಲಿಯನ್ನು ಆರಿಸಿಕೊಳ್ಳಲಿ.

ಯಾವುದನ್ನು ಮಾಡಿದರೂ ಪಕ್ಕದಲ್ಲಿ ಒಂದು ಚೀಟಿ ಇರಲಿ. ಅದರಲ್ಲಿ ಮಗು ತನ್ನ ಕೈಬರಹದಲ್ಲಿ ಎರಡು ಸಾಲು ಬರೆಯಲಿ: ಈ ಮಾದರಿಯಲ್ಲಿ ಯಾವುದು ಭೂಮಿಯಲ್ಲಿ ಇರುವಂತೆಯೇ ಇದೆ, ಯಾವುದು ಇಲ್ಲ. ಅಂಕ ಕೊಡುವಾಗ ಶಿಕ್ಷಕರು ಮೊದಲು ಆ ಚೀಟಿಯನ್ನೇ ಓದಲಿ.